ಅಮ್ಮನ ಅಳತೆಯ ಟ್ಯಾಬ್ಲೆಟ್

ಅಳತೆ ತೆಗೆದುಕೊಳ್ಳದೆ ಈ ಜಗತ್ತಿನಲ್ಲಿ ಏನನ್ನೂ ಕೊಳ್ಳಬಾರದು ಎಂಬುದು ನಮ್ಮ ಟೇಲರ್ ಮಾಸ್ಟರ ಸಿದ್ಧಾಂತ. ಕೊಡೆ ಕೊಳ್ಳಲು ಹೋದರೂ ಅವರ ಕೊರಳಲ್ಲಿ ಟೇಪು ತೂಗಾಡುತ್ತಿರುತ್ತದೆ. ಒಮ್ಮೆ ಕುಂಬಳಕಾಯಿಯ ಸುತ್ತಳತೆ ತೆಗೆದು, "ನಡು ಸ್ವಲ್ಪ ದಪ್ಪ ಆಯ್ತು" ಎಂದು ತರಕಾರಿಯವಳಿಗೆ ವಾಪಸು ಕೊಟ್ಟು ಬಂದ ಮಹಾನುಭಾವರು. ಇಷ್ಟೆಲ್ಲ ಅಳೆದರೂ ಬಟ್ಟೆ ಕತ್ತರಿಸುವಾಗ ಮಾತ್ರ ಎಲ್ಲರಿಗೂ ಅರ್ಧ ಇಂಚು ಜಾಸ್ತಿಯೇ ಬಿಡುತ್ತಾರೆ. "ಇರಲಿ, ಮುಂದೆ ಬೇಕಾಗುತ್ತೆ" ಎನ್ನುತ್ತಾರೆ. ಹೀಗಾಗಿ ಬೀದಿಯವರು ಎದುರಿಗೆ ಮಾಸ್ಟರ್ ಎಂದೂ ಬೆನ್ನ ಹಿಂದೆ ಅರ್ಧಿಂಚು ಎಂದೂ ಕರೆಯುವುದು ರೂಢಿಯಾಗಿದೆ. ಎರಡನೆಯ ಹೆಸರು ತಮ್ಮ ಕಿವಿಗೆ ಬಿದ್ದಿಲ್ಲ ಎಂದು ಅವರು ಮೂವತ್ತು ವರ್ಷದಿಂದ ನಟಿಸುತ್ತಿದ್ದಾರೆ.

ಅಂಥವರಿಗೆ ಈ ವರ್ಷ ಒಂದು ಸಂಕಟ ಬಂತು. ಸಂಕಟ ಅವರದಲ್ಲ, ಅವರ ಅಮ್ಮನದು.

ಅಮ್ಮನಿಗೆ ಎಪ್ಪತ್ತೆಂಟು. ಅಂಗಡಿ ಮೊದಲು ಅಮ್ಮನದೇ. ಮಗನಿಗೆ ಟೇಪು ಹಿಡಿಯುವುದನ್ನು ಕಲಿಸಿದವರೂ ಅವರೇ. ಕೈ ನಡುಗಲು ಶುರುವಾದ ಮೇಲೆ ಯಂತ್ರ ಬಿಟ್ಟು, ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗುಂಡಿಗಳನ್ನು ಬಣ್ಣ ನೋಡಿ ಡಬ್ಬಿಗೆ ಹಾಕುವ ಕೆಲಸ ವಹಿಸಿಕೊಂಡಿದ್ದರು. ಅವರಿಗೆ ಇರುವವರು ಒಬ್ಬರೇ ಅಕ್ಕ, ದೂರದ ಊರಿನಲ್ಲಿ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಈ ದೊಡ್ಡಮ್ಮ, ಮಾಸ್ಟರು ಮೂರು ವರ್ಷದ ಕೂಸಾಗಿದ್ದಾಗ ಅವರ ಅಪ್ಪ ತೀರಿಕೊಂಡ ವಾರದಲ್ಲೇ ತಮ್ಮ ಹೊಲಿಗೆ ಯಂತ್ರವನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಬಂದು ತಂಗಿಯ ಮುಂದೆ ಇಳಿಸಿದ್ದರು. "ಅಳೋದು ಆಮೇಲೆ. ಮೊದಲು ಇದಕ್ಕೆ ಎಣ್ಣೆ ಬಿಡು" ಎಂದಿದ್ದರಂತೆ. ಆ ಯಂತ್ರ ಇವತ್ತೂ ಓಡುತ್ತಿದೆ. ಮಾಸ್ಟರ ಅನ್ನ, ಮಕ್ಕಳ ಓದು, ಮನೆಯ ಮಾಡು ಎಲ್ಲ ಅದರ ಸೂಜಿಯ ಕೆಳಗಿನಿಂದಲೇ ಬಂದದ್ದು. ಅದಕ್ಕೆ ಎಣ್ಣೆ ಬಿಡುವಾಗಲೆಲ್ಲ ಅವರು ದೊಡ್ಡಮ್ಮನನ್ನು ನೆನೆಯದೆ ಇರುತ್ತಿರಲಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕತಂಗಿಯರು ಫೋನಿನಲ್ಲಿ ಮಾತಾಡುವುದು ಎಷ್ಟೋ ವರ್ಷದ ಪದ್ಧತಿ. ಈಚೆಗೆ ದೊಡ್ಡಮ್ಮನಿಗೆ ಕಿವಿ ಮಂದವಾಯಿತು. ಅಮ್ಮ ದನಿ ಏರಿಸಿದರು. ಇನ್ನೂ ಏರಿಸಿದರು. "ಮಂಡಿನೋವು ಹೇಗಿದೆ?" ಎಂಬ ಪ್ರಶ್ನೆಗೆ ಬೀದಿಯ ತುದಿಯಿಂದ ಯಾರೋ "ಪರವಾಗಿಲ್ಲಮ್ಮಾ" ಎಂದು ಉತ್ತರ ಕೊಟ್ಟರೇ ಹೊರತು ಅಕ್ಕನಿಗೆ ಕೇಳಲಿಲ್ಲ. ಕೊನೆಗೊಂದು ಭಾನುವಾರ ದೊಡ್ಡಮ್ಮ, "ನಂಗೆ ಏನೂ ಕೇಳಿಸ್ತಿಲ್ಲ ಕಣೇ. ಸುಮ್ನೆ ಗಂಟಲು ಯಾಕೆ ನೋಯಿಸ್ಕೋತೀಯ, ಇಡು" ಎಂದು ತಾವೇ ಫೋನು ಇಟ್ಟುಬಿಟ್ಟರು.

ಅದಾದ ಮೇಲೂ ಭಾನುವಾರ ಹತ್ತಕ್ಕೆ ಅಮ್ಮ ತಲೆ ಬಾಚಿಕೊಂಡು ಫೋನಿನ ಪಕ್ಕ ಹೋಗಿ ಕೂರುತ್ತಿದ್ದರು. ಡಯಲ್ ಮಾಡುತ್ತಿರಲಿಲ್ಲ. ಹತ್ತೂವರೆಗೆ ಎದ್ದು ಬಂದು ಗುಂಡಿಯ ಡಬ್ಬಿ ಎಳೆದುಕೊಳ್ಳುತ್ತಿದ್ದರು. ನಾಲ್ಕು ಭಾನುವಾರ ಇದನ್ನು ನೋಡಿದ ಮಾಸ್ಟರಿಗೆ ಐದನೆಯ ಭಾನುವಾರ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ, ಕಣ್ಣು ಮಂಜಾಗಿತ್ತು.

ದೊಡ್ಡಮ್ಮನ ಸೊಸೆಯೇ ಉಪಾಯ ಹೇಳಿದಳು. ಮುಖ ನೋಡಿಕೊಂಡು ಮಾತಾಡಿದರೆ ಅತ್ತೆ ತುಟಿ ಓದಿ ತಿಳಿದುಕೊಳ್ಳುತ್ತಾರಂತೆ. ಅವರ ಮನೆಯಲ್ಲಿ ಟ್ಯಾಬ್ಲೆಟ್ ಇದೆ. ಮಾಸ್ಟರ ಹೆಂಡತಿ, ಅಂದರೆ ಅಂಗಡಿಯ ಕಾಜಾ ಗುಂಡಿಯ ವಿಭಾಗದ ಮುಖ್ಯಸ್ಥೆ, ತನ್ನ ಮೊಬೈಲಿನಲ್ಲಿ ಒಮ್ಮೆ ಪ್ರಯತ್ನ ಮಾಡಿ ನೋಡಿದಳು. ಅಮ್ಮನ ಕೈ ನಡುಗಿ ದೊಡ್ಡಮ್ಮನಿಗೆ ಫ್ಯಾನು, ಸೂರು ಮತ್ತು ಒಂದು ಮೂಗಿನ ಹೊಳ್ಳೆ ಕಂಡವು. ಅಮ್ಮನಿಗೆ ಬೆಂಕಿಪೊಟ್ಟಣದಷ್ಟು ಅಕ್ಕ ಕಂಡರು. "ಇದು ಬೇಡಪ್ಪ. ಪಾಪ, ಅವಳು ಒಣಗಿಹೋದ ಹಾಗೆ ಕಾಣ್ತಾಳೆ" ಎಂದು ಅಮ್ಮ ಮೊಬೈಲು ವಾಪಸು ಕೊಟ್ಟರು.

"ದೊಡ್ಡ ಪರದೆಯ ಟ್ಯಾಬ್ಲೆಟ್ ತಂದ್ಕೊಡಿ" ಎಂದಳು ಹೆಂಡತಿ.

"ಅಮ್ಮನಿಗೆ ಹೇಳಬೇಡ. ಹೇಳಿದ್ರೆ ನಂಗ್ಯಾಕೆ ಅದೆಲ್ಲ ಅಂತಾಳೆ" ಎಂದು ಮಾಸ್ಟರು ಟೇಪು ಕೊರಳಿಗೆ ಹಾಕಿಕೊಂಡು ಹೊರಟರು.

ಟ್ಯಾಬ್ಲೆಟ್ ಮಾರುವ ಅಂಗಡಿಯ ಹುಡುಗಿ ವಿನಯವಂತೆ. "ಮೆಮೊರಿ ಎಷ್ಟಿರಬೇಕು ಸಾರ್?" ಎಂದು ಶುರು ಮಾಡಿದಳು.

"ಅವರಿಗೆ ಚೆನ್ನಾಗೇ ಇದೆ. ಎಲ್ಲಾ ನೆನಪಿಟ್ಕೊಂಡಿದಾರೆ" ಎಂದರು ಮಾಸ್ಟರು. "ಉದ್ದ ಅಗಲ ಹೇಳಿ."

ಅವಳು ಒಂದನ್ನು ಮುಂದಿಟ್ಟು, "ಇದು ಹತ್ತು ಇಂಚು" ಎಂದಳು. ಮಾಸ್ಟರು ಟೇಪು ಇಳಿಸಿ ಅಗಲ ಅಳೆದರು. ಉದ್ದ ಅಳೆದರು. ಹತ್ತು ಎಲ್ಲೂ ಸಿಗಲಿಲ್ಲ. ಅವರ ಮುಖ ಗಂಭೀರವಾಯಿತು.

"ಇದ್ರಲ್ಲಿ ಹತ್ತು ಇಂಚಿಲ್ಲಮ್ಮ."

"ಇದೆ ಸಾರ್. ಮೂಲೆಯಿಂದ ಮೂಲೆಗೆ, ಅಡ್ಡಡ್ಡ ಅಳೀಬೇಕು."

ಮಾಸ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಅವರ ವೃತ್ತಿಜೀವನದಲ್ಲಿ ಇಂಥ ಮಾತು ಕೇಳಿರಲಿಲ್ಲ. "ಎಡಭುಜದಿಂದ ಬಲಸೊಂಟಕ್ಕೆ ಅಳೆದು ನಾನು ಷರ್ಟು ಹೊಲಿದ್ರೆ ಗಿರಾಕಿ ಹಾಕ್ಕೋತಾನೇನಮ್ಮ? ಉದ್ದ ಉದ್ದವೇ, ಅಗಲ ಅಗಲವೇ. ಈ ಅಡ್ಡಅಳತೆ ಯಾರು ತಂದ್ರೋ ಅವರು ಒಂದು ಚಡ್ಡೀನೂ ಹೊಲಿದಿಲ್ಲ."

ಹಿಂದೆ ನಿಂತ ಗಿರಾಕಿಗಳು ಕಿವಿ ನೆಟ್ಟಗೆ ಮಾಡಿಕೊಂಡರು. ಒಬ್ಬರು ತಮ್ಮ ಮನೆಯ ಟಿವಿಯ ಬಗ್ಗೆ ಸಂಶಯ ವ್ಯಕ್ತಪಡಿಸಿದರು. ಹುಡುಗಿ ಬೆವರು ಒರೆಸಿಕೊಂಡು, "ಯಾರು ಹಿಡ್ಕೊಳ್ತಾರೋ ಅವರನ್ನೇ ಕರ್ಕೊಂಡು ಬಂದ್ಬಿಡಿ ಸಾರ್. ಅವರ ಕೈಗೆ ಯಾವ್ದು ಒಗ್ಗುತ್ತೋ ಅದು ತಗೊಳ್ಳಿ" ಎಂದಳು.

ಮಾಸ್ಟರ ಮುಖ ಅರಳಿತು. ಇದು ಅವರ ಭಾಷೆ. ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಿ, ಆಮೇಲೆ ಪಕ್ಕಾ ಹೊಲಿಗೆ. ಟ್ರಯಲ್ ನೋಡದೆ ಕೋಟು ಕೊಡುವುದುಂಟೆ? ಆದರೆ ಅಮ್ಮನನ್ನು ಕರೆತಂದರೆ ಗುಟ್ಟು ರಟ್ಟು. ಆದ್ದರಿಂದ ಮೂರು ಮಾದರಿಗಳ ಉದ್ದ, ಅಗಲ, ದಪ್ಪ, ತೂಕ ಬರೆದುಕೊಂಡು, ಹುಡುಗಿಗೆ ಕೈಮುಗಿದು, ನೇರವಾಗಿ ನೆಲಕ್ಕೆ ಹಾಸುವ ಟೈಲ್ಸಿನ ಅಂಗಡಿಗೆ ಹೋದರು. ಅಲ್ಲಿ ಹೊಳಪಿಲ್ಲದ ಕರೀ ಟೈಲನ್ನು ಮೂರು ಅಳತೆಗೆ ಕತ್ತರಿಸಿಕೊಂಡರು. ಪರದೆ ಕಪ್ಪು ತಾನೇ. ತರಕಾರಿಯವಳ ತಕ್ಕಡಿಯಲ್ಲಿಟ್ಟು ತೂಕ ನೋಡಿದರು. ಕುಂಬಳಕಾಯಿ ಮರೆಯದ ಅವಳು, "ಇದಾದ್ರೂ ಸರಿಯಾಗಿದೆಯಾ?" ಎಂದು ಕೇಳಿದಳು. ಅಂಚು ಕೈಗೆ ತಾಗದಂತೆ ಕೋಟಿನ ಲೈನಿಂಗ್ ಬಟ್ಟೆಯಿಂದ ಸುತ್ತ ಪಟ್ಟಿ ಹೊಲಿದರು. ಮೂರೂ ಮುಗಿದಾಗ ಅಸಲಿ ಟ್ಯಾಬ್ಲೆಟ್ಟಿಗಿಂತ ಚೆನ್ನಾಗಿಯೇ ಕಾಣುತ್ತಿದ್ದವು. ನಡೆಯುತ್ತಿರಲಿಲ್ಲ ಅಷ್ಟೆ.

"ರೀ, ನೀವು ಕೊಳ್ತಿರೋದು ಟ್ಯಾಬ್ಲೆಟ್ಟೋ ಪ್ಯಾಂಟೋ?" ಎಂದಳು ಹೆಂಡತಿ. ಮಾಸ್ಟರು ಹಲ್ಲಿನಿಂದ ದಾರ ಕಚ್ಚಿ ಕತ್ತರಿಸಿದರು. ದೊಡ್ಡ ಕೆಲಸ ಮಾಡುವವರು ಸಣ್ಣ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಅಮ್ಮನ ಮುಂದೆ ಮೊದಲ ಟೈಲು ಇಟ್ಟು ಅವರು ಟೇಪಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. ಸುಳ್ಳು ಹೇಳುವುದರಲ್ಲಿ ಅವರ ಕೈ ಅಷ್ಟು ಪಳಗಿರಲಿಲ್ಲ.

"ಅಮ್ಮಾ, ಇದನ್ನ ದಿನಾ ಅರ್ಧ ಗಂಟೆ ಎರಡೂ ಕೈಯಲ್ಲಿ ಹಿಡ್ಕೊಂಡು ನೋಡ್ತಾ ಕೂತ್ಕೋ. ಕೈಗೆ ಒಳ್ಳೇದು."

"ನೋಡ್ತಾ ಕೂರ್ಬೇಕಾ? ಏನನ್ನ?"

"ಅದನ್ನೇ."

"ಇದ್ರಲ್ಲಿ ಏನಿದೆ ಪುಟ್ಟಾ ನೋಡೋಕೆ?" ಮಾಸ್ಟರಿಗೆ ಐವತ್ತೆಂಟಾದರೂ ಅಮ್ಮನಿಗೆ ಅವರು ಪುಟ್ಟನೇ.

"ಏನೂ ಇಲ್ಲ. ಆದ್ರೂ ನೋಡ್ಬೇಕು. ತಿಳಿದವರು ಹೇಳಿದಾರೆ."

ಮಗ ಹೇಳಿದ್ದನ್ನು ಮಾಡದಿರುವ ತಾಯಿ ಅವರಲ್ಲ. ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ಟೈಲನ್ನು ಮುಖದ ಮುಂದೆ ಹಿಡಿದು, ಅದನ್ನೇ ದಿಟ್ಟಿಸುತ್ತ ಕೂತರು. ಮಾಸ್ಟರು ಬಾಗಿಲ ಮರೆಯಲ್ಲಿ ನಿಂತು ಅಳತೆ ಪುಸ್ತಕದಲ್ಲಿ ಬರೆದುಕೊಂಡರು. "ದೊಡ್ಡದು. ಎಡಗೈ ಹನ್ನೆರಡನೇ ನಿಮಿಷಕ್ಕೆ ಇಳಿಯಿತು. ಬಲಗೈ ಪರವಾಗಿಲ್ಲ. ಕಣ್ಣಿನಿಂದ ಹದಿನಾಲ್ಕು ಇಂಚು." ಒಂದು ವಾರ ದೊಡ್ಡದು, ಒಂದು ವಾರ ಚಿಕ್ಕದು, ಒಂದು ವಾರ ನಡುವಿನದು ಎಂದು ಅವರ ಯೋಜನೆ. ಎರಡನೆಯ ವಾರದಲ್ಲಿ ಬೇಜಾರಾಗಿ ಅಮ್ಮ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಟೈಲಿನ ಮೇಲೆ ಗುಂಡಿಗಳ ಲೆಕ್ಕ ಬರೆಯತೊಡಗಿದಾಗ ಮಾಸ್ಟರು, "ಬರೀಬೇಡಮ್ಮ, ತೂಕದಲ್ಲಿ ವ್ಯತ್ಯಾಸ ಬರುತ್ತೆ" ಎಂದು ಒರೆಸಿಕೊಟ್ಟರು. ತೂಕಕ್ಕೂ ಕೈಗೂ ಏನೋ ಗಹನವಾದ ಸಂಬಂಧವಿರಬೇಕೆಂದು ಅಮ್ಮ ಮತ್ತೆ ಟೈಲು ದಿಟ್ಟಿಸತೊಡಗಿದರು.

ಇಲ್ಲಿಗೆ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಮೇಲಿನ ಮಹಡಿಯಲ್ಲಿ ನಿವೃತ್ತ ಹೆಡ್ ಕ್ಲಾರ್ಕ್ ಒಬ್ಬರಿದ್ದರು. ಮೂವತ್ತೈದು ವರ್ಷ ಬೇರೆಯವರ ಫೈಲಿನಲ್ಲಿ ಮೂಗು ತೂರಿಸಿ ಅಭ್ಯಾಸವಾದವರು. ಈಗ ಫೈಲುಗಳಿಲ್ಲದ ಕಾರಣ ಮನೆಗಳಲ್ಲಿ ತೂರಿಸುತ್ತಿದ್ದರು. ಮೆಟ್ಟಿಲು ಇಳಿಯುವಾಗ ಅವರು ನಿಂತರು.

"ಏನಮ್ಮ ಅದು?"

"ಕೈಗೆ ಒಳ್ಳೇದಂತೆ. ಅರ್ಧ ಗಂಟೆ ನೋಡ್ಬೇಕಂತೆ."

"ನಡುಕ ಕಮ್ಮಿ ಆಗಿದೆಯಾ?"

ಅಮ್ಮ ಕೈ ಮುಂದೆ ಚಾಚಿದರು. ಸತ್ಯ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಕೈ ಅಷ್ಟಾಗಿ ನಡುಗುತ್ತಿರಲಿಲ್ಲ. ಅರ್ಧ ಗಂಟೆ ಭಾರ ಹಿಡಿದ ಕೈಗೆ ನಡುಗಲು ಶಕ್ತಿ ಎಲ್ಲಿಂದ ಬರಬೇಕು? ಹೆಡ್ ಕ್ಲಾರ್ಕರು ತಮ್ಮ ಎಡಭುಜವನ್ನು ಮೆಲ್ಲಗೆ ಸವರಿಕೊಂಡರು. ಮೂರು ದಿನ ಕಳೆಯುವುದರೊಳಗೆ ಅವರ ಕೈಯಲ್ಲೂ ಒಂದು ಕರೀ ಟೈಲು ಬಂತು. ನಾಲ್ಕನೇ ದಿನ ಭುಜ ಹಗುರವಾಯಿತೆಂದು ಸಾರಿದರು. ಐದನೇ ದಿನ ಎದುರುಮನೆಯ ಅಜ್ಜಿ ತಮ್ಮ ಅಡುಗೆಮನೆಯ ಮೂಲೆಯಿಂದ ಒಂದನ್ನು ಕಿತ್ತು ತಂದರು.

ಮಾಸ್ಟರ ಅಂಗಡಿಗೆ ಈಗ ಬಟ್ಟೆಯಿಲ್ಲದ ಗಿರಾಕಿಗಳು ಬರತೊಡಗಿದರು.

"ಮಾಸ್ಟರೇ, ಸೊಂಟಕ್ಕೆ ಎಷ್ಟು ಇಂಚಿಂದು ಹಿಡೀಬೇಕು?"

ಮಾಸ್ಟರು ಕತ್ತರಿಯಿಂದ ತಲೆಯೆತ್ತದೆ, ರೂಢಿಯ ಬಲದಿಂದ, "ಸೊಂಟಕ್ಕೆ ಅರ್ಧ ಇಂಚು ಜಾಸ್ತೀನೇ ಇರಲಿ" ಎಂದರು. ಅದು ಬೀದಿಯುದ್ದಕ್ಕೂ ವೈದ್ಯಸೂತ್ರವಾಗಿ ಹಬ್ಬಿತು. ಊಟಕ್ಕೆ ಮುಂಚೆಯೋ ಆಮೇಲೋ ಎಂದು ಒಬ್ಬರು ಕೇಳಿದರು. ಬಿಳೀ ಟೈಲು ಆಗುತ್ತದೆಯೇ ಎಂದು ಇನ್ನೊಬ್ಬರು. ನಿಜ ಹೇಳಿಬಿಡೋಣವೆಂದು ಮಾಸ್ಟರು ಬಾಯಿ ತೆರೆದಾಗಲೆಲ್ಲ ಹಿಂದಿನ ಕೋಣೆಯಿಂದ ಗುಂಡಿ ಡಬ್ಬಿಯ ಸದ್ದು ಕೇಳಿಸುತ್ತಿತ್ತು. ಅಮ್ಮನಿಗೆ ಗೊತ್ತಾಗಿಬಿಟ್ಟರೆ? ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆ ಮೌನದಿಂದ ಅವರ ಬಗ್ಗೆ ಗೌರವ ಇಮ್ಮಡಿಯಾಯಿತು. ದೊಡ್ಡ ವೈದ್ಯರು ಹೆಚ್ಚು ಮಾತಾಡುವುದಿಲ್ಲವೆಂದು ಹೆಡ್ ಕ್ಲಾರ್ಕರು ಎಲ್ಲರಿಗೂ ವಿವರಿಸಿದರು.

ಮೂರನೆಯ ವಾರ ಬೀದಿಯ ಪಾರ್ಕಿಗೆ ಹೋದವರು ಒಂದು ನೋಟ ಕಂಡರು. ಒಂದು ಬೆಂಚಿನ ಮೇಲೆ ಆರು ಜನ ಹಿರಿಯರು ಟೈಲು ಹಿಡಿದು, ತಲೆ ತಗ್ಗಿಸಿ, ಮಾತಿಲ್ಲದೆ ಅದನ್ನೇ ನೋಡುತ್ತಿದ್ದರು. ಎದುರು ಬೆಂಚಿನ ಮೇಲೆ ಅವರ ಮಕ್ಕಳು ಮೊಮ್ಮಕ್ಕಳು ಮೊಬೈಲು ಹಿಡಿದು, ತಲೆ ತಗ್ಗಿಸಿ, ಮಾತಿಲ್ಲದೆ ಅದನ್ನೇ ನೋಡುತ್ತಿದ್ದರು. ಯಾವ ಬೆಂಚಿನವರಿಗೆ ಚಿಕಿತ್ಸೆ ನಡೆಯುತ್ತಿದೆ, ಯಾವ ಬೆಂಚಿನವರಿಗೆ ಕಾಯಿಲೆ ಇದೆ ಎಂದು ಹೇಳುವುದು ಕಷ್ಟವಿತ್ತು.

ಇಷ್ಟರಲ್ಲಿ ಬೀದಿಯ ಔಷಧಿ ಅಂಗಡಿಯಲ್ಲಿ ನೋವಿನ ಮುಲಾಮು ಧೂಳು ತಿನ್ನತೊಡಗಿತು. ಅಂಗಡಿಯವರು ಒಂದು ವಾರ ಹೊಟ್ಟೆಗೆ ಹಾಕಿಕೊಂಡರು. ಆಮೇಲೆ ಆರೋಗ್ಯ ಇಲಾಖೆಗೆ ದೂರು ಬರೆದು ಹಾಕಿದರು.

ಶುಕ್ರವಾರ ಮಧ್ಯಾಹ್ನ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಮಾಸ್ಟರ ಅಂಗಡಿಯ ಮುಂದೆ ಬಂದು ನಿಂತು, ತಲೆಯೆತ್ತಿ ಬೋರ್ಡು ಓದಿದರು. "ಹಳೆಯದನ್ನು ಸರಿಪಡಿಸಿ ಹೊಸದರಂತೆ ಮಾಡಿಕೊಡಲಾಗುವುದು. ಗ್ಯಾರಂಟಿ." ಅದನ್ನು ಅಕ್ಷರ ಬಿಡದೆ ಬರೆದುಕೊಂಡು ಒಳಗೆ ಬಂದರು.

ಮಾಸ್ಟರಿಗೆ ಅಧಿಕಾರಿಗಳನ್ನು ಕಂಡರೆ ಕೈಕಾಲು ಆಡುವುದಿಲ್ಲ. ಆಡಿದರೆ ಅಭ್ಯಾಸದಂತೆ ಆಡುತ್ತವೆ. ಗಾಬರಿಯಲ್ಲಿ ಟೇಪು ತೆಗೆದು, "ಕೈ ಸ್ವಲ್ಪ ಎತ್ತಿ ಸಾರ್" ಎಂದು ಅವರ ಎದೆಯಳತೆ ತೆಗೆಯಲು ಹೋದರು.

"ಓಹೋ, ಪರೀಕ್ಷೆ ಇಲ್ಲಿಂದ ಶುರುವಾಗುತ್ತೋ?" ಎಂದು ಇನ್ಸ್‌ಪೆಕ್ಟರು ಅದನ್ನೂ ಬರೆದುಕೊಂಡರು. "ನಿಮ್ಮದು ಯಾವ ಪದ್ಧತಿ?"

"ಜೆಂಟ್ಸು, ಲೇಡೀಸು ಎರಡೂ ಸಾರ್."

"ಎಷ್ಟು ವರ್ಷದಿಂದ?"

"ತಾಯಿಯಿಂದ ಬಂದ ವಿದ್ಯೆ."

ಇನ್ಸ್‌ಪೆಕ್ಟರು ಮೇಜಿನ ಮೇಲಿದ್ದ ಅಳತೆ ಪುಸ್ತಕ ಎತ್ತಿಕೊಂಡು ಜೋರಾಗಿ ಓದಿದರು. "ಎಡಗೈ ಹನ್ನೆರಡನೇ ನಿಮಿಷಕ್ಕೆ ಇಳಿಯಿತು. ಬಲಗೈ ಪರವಾಗಿಲ್ಲ. ಇದು ರೋಗಿಯ ದಾಖಲೆ. ಮುಂದಿನ ಪುಟ. ಹೆಡ್ ಕ್ಲಾರ್ಕರು, ಎರಡು ತೋಳು, ಒಂದು ಕಾಲರು ತಿರುಗಿಸುವುದು." ಅವರ ಹುಬ್ಬು ಮೇಲೇರಿತು. "ಕಾಲರು ತಿರುಗಿಸ್ತೀರಾ?"

"ಸವೆದಿದ್ರೆ ತಿರುಗಿಸ್ತೀನಿ ಸಾರ್."

ಇಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ವಿಷಯ ತಿಳಿದು ಹೆಡ್ ಕ್ಲಾರ್ಕರು ಮೆಟ್ಟಿಲು ಇಳಿದು ಬಂದರು. ಅವರ ಹಿಂದೆ ಟೈಲು ಸಮೇತ ಪಾರ್ಕಿನ ಬೆಂಚು ಪೂರ್ತಿ ಬಂತು. "ಸ್ವಾಮೀ, ನಾನೇ ಸಾಕ್ಷಿ" ಎಂದರು ಹೆಡ್ ಕ್ಲಾರ್ಕರು ಭುಜ ಗಿರ್ರನೆ ತಿರುಗಿಸಿ ತೋರಿಸುತ್ತ. "ಹನ್ನೊಂದು ವರ್ಷದ ನೋವು ಹನ್ನೊಂದು ದಿನದಲ್ಲಿ ಹೋಯ್ತು. ಬೇಕಾದ್ರೆ ಬರೆದು ಸಹಿ ಹಾಕ್ಕೊಡ್ತೀನಿ, ಮೂರು ಪ್ರತಿ." ಎದುರುಮನೆಯ ಅಜ್ಜಿ, "ದೇವರಂಥ ಮನುಷ್ಯ, ಒಂದು ಪೈಸೆ ಮುಟ್ಟಿಲ್ಲ" ಎಂದು ಕಣ್ಣೊರೆಸಿಕೊಂಡರು. ಮಾಸ್ಟರನ್ನು ಕಾಪಾಡಲು ಬಂದ ಈ ಒಂದೊಂದು ಮಾತೂ ಇನ್ಸ್‌ಪೆಕ್ಟರ ಪುಸ್ತಕದಲ್ಲಿ ಒಂದೊಂದು ಆರೋಪವಾಗಿ ಇಳಿಯುತ್ತಿತ್ತು.

"ಅಂಗಡಿಗೆ ಬೀಗ ಹಾಕಬೇಕಾಗುತ್ತೆ" ಎಂದರು ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ಹಾಕುತ್ತ. "ಕಡೇ ಸಲ ಕೇಳ್ತೀನಿ. ಈ ಟೈಲು ಯಾತಕ್ಕೆ?"

ಹಿಂದಿನ ಕೋಣೆಯ ಬಾಗಿಲಲ್ಲಿ ಅಮ್ಮ ಬಂದು ನಿಂತಿದ್ದರು. ಎದೆಗವಚಿಕೊಂಡ ನಡುವಿನ ಅಳತೆಯ ಟೈಲು ಕೈಯಲ್ಲೇ ಇತ್ತು. ಮಾಸ್ಟರು ಅಮ್ಮನನ್ನು ನೋಡಿದರು. ದೊಡ್ಡಮ್ಮ ತಂದಿಟ್ಟ ಯಂತ್ರವನ್ನು ನೋಡಿದರು. ಅದಕ್ಕೆ ಬೀಗ ಬೀಳುವ ಮಾತು ಕೇಳಿದ ಮೇಲೆ ಗುಟ್ಟು ಇಟ್ಟುಕೊಂಡು ಮಾಡುವುದೇನು?

"ಸಾರ್, ಅದು ಔಷಧಿ ಅಲ್ಲ. ಅದು ಟ್ಯಾಬ್ಲೆಟ್ಟಿನ ಕಚ್ಚಾ ಹೊಲಿಗೆ."

ಮಾಸ್ಟರು ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದರು. ಭಾನುವಾರ ಹತ್ತು ಗಂಟೆ, ದೊಡ್ಡಮ್ಮನ ಕಿವಿ, ಮೊಬೈಲಿನಲ್ಲಿ ಕಂಡ ಮೂಗು, ಅಡ್ಡಡ್ಡ ಅಳೆಯುವ ಅನ್ಯಾಯ, ಅಮ್ಮನ ಕೈಗೆ ಭಾರವಾಗದ್ದನ್ನು ತಿಳಿಯಲು ಕತ್ತರಿಸಿದ ಮೂರು ಟೈಲುಗಳು. "ನಮ್ಮಮ್ಮ ಎರಡು ತಿಂಗಳಿಂದ ಅಕ್ಕನ ಹತ್ರ ಮಾತಾಡಿಲ್ಲ ಸಾರ್. ತಲೆ ಬಾಚ್ಕೊಂಡು ಸುಮ್ನೆ ಕೂತಿರ್ತಾಳೆ. ನಂಗೆ ಅದನ್ನ ನೋಡೋಕಾಗ್ಲಿಲ್ಲ. ನಂಗೆ ಬರೋದು ಅಳತೆ ಒಂದೇ. ಅದಕ್ಕೇ ಅಳತೆ ತಗೊಂಡೆ."

ಹೆಡ್ ಕ್ಲಾರ್ಕರ ಭುಜ ತಿರುಗುವುದನ್ನು ನಿಲ್ಲಿಸಿ ಮೆಲ್ಲಗೆ ನೋಯತೊಡಗಿತು. ಎದುರುಮನೆಯ ಅಜ್ಜಿಗೆ ಅಡುಗೆಮನೆಯ ನೆಲದ ಹಳ್ಳ ನೆನಪಾಯಿತು.

ಅಮ್ಮ ಮಾತ್ರ ಟೈಲನ್ನು ಮುಖದ ಮುಂದೆ ಹಿಡಿದು ನೋಡಿದರು. ಹಿಂದೆ ಮುಂದೆ ತಿರುಗಿಸಿದರು. "ಮೂರು ವಾರ ಬರೀ ಕಲ್ಲು ನೋಡಿಸ್ದೆಯಲ್ಲೋ" ಎಂದರು. ಆಮೇಲೆ ದನಿ ಇಳಿಸಿ ಕೇಳಿದರು. "ಇಷ್ಟು ದೊಡ್ಡದ್ರಲ್ಲಿ ಅಕ್ಕ ಸರಿಯಾಗಿ ಕಾಣ್ತಾಳಾ?"

"ಕಾಣ್ತಾಳಮ್ಮ."

"ಹಾಗಾದ್ರೆ ಇದೇ ಇರಲಿ ಪುಟ್ಟಾ. ನಡುವಿನದು. ಕೈಗೆ ಸರಿಯಾಗಿದೆ."

ಇನ್ಸ್‌ಪೆಕ್ಟರು ತಮ್ಮ ಪುಸ್ತಕದ ಎರಡು ಹಾಳೆ ಹರಿದು ಜೇಬಿಗಿಟ್ಟುಕೊಂಡರು. ಹೊಸ ಹಾಳೆಯಲ್ಲಿ, "ಸದರಿ ಟೈಲುಗಳು ಹೊಲಿಗೆ ಮಾದರಿಗಳಾಗಿದ್ದು ಆರೋಗ್ಯಕ್ಕೆ ಸಂಬಂಧಿಸಿರುವುದಿಲ್ಲ" ಎಂದು ಬರೆದು, ಎಲ್ಲರನ್ನೂ ಹೊರಗೆ ಕಳಿಸಿದರು. ಬಳಿಕ ಮಾಸ್ಟರ ಹತ್ತಿರ ಬಂದು, "ದೊಡ್ಡದು ಖಾಲಿ ಇದ್ರೆ ಎರಡು ದಿನಕ್ಕೆ ಕೊಡ್ತೀರಾ? ನಮ್ಮ ತಂದೆಯವರ ಕೈಗೆ ಹಿಡಿಸಿ ನೋಡ್ಬೇಕು" ಎಂದರು. ಮಾಸ್ಟರು ಸಂತೋಷದಿಂದ ಕೊಟ್ಟರು. ಅವರ ತೋಳಿನ ಸವೆದ ಪಟ್ಟಿಯನ್ನೂ ಅಲ್ಲೇ ನಿಲ್ಲಿಸಿ ಹೊಲಿದುಕೊಟ್ಟರು.

ಮರುದಿನ ಅಮ್ಮ, ಮಗ, ಸೊಸೆ ಮೂವರೂ ಟ್ಯಾಬ್ಲೆಟ್ಟಿನ ಅಂಗಡಿಗೆ ಹೋದರು. ಮಾಸ್ಟರು ಟೈಲನ್ನು ಮುಂದಿಟ್ಟು, "ಈ ಅಳತೇದು ಕೊಡಿ" ಎಂದರು. ಹುಡುಗಿ ಟ್ಯಾಬ್ಲೆಟ್ ತಂದು, ಅದರ ಕವರನ್ನು ಹಿಂದಕ್ಕೆ ಮಡಚಿ ಮೇಜಿನ ಮೇಲಿಟ್ಟಳು. ಅದು ತನ್ನಷ್ಟಕ್ಕೆ ತಾನೇ ನಿಂತುಕೊಂಡಿತು.

"ಕೈಯಲ್ಲಿ ಹಿಡ್ಕೊಳ್ಳೋದೇ ಬೇಡ ಸಾರ್. ಸ್ಟ್ಯಾಂಡ್ ಇದೆಯಲ್ಲ."

ಮಾಸ್ಟರು ಇಂಗು ತಿಂದ ಮಂಗನಂತೆ ನಿಂತರು. ಮೂರು ವಾರದ ತೂಕ, ನಿಮಿಷ, ಇಂಚುಗಳೆಲ್ಲ ಕಣ್ಣ ಮುಂದೆ ಹಾದುಹೋದವು. ಹೆಂಡತಿ ಗೋಡೆಯ ಕಡೆ ತಿರುಗಿ ನಿಂತಳು. ಅವಳ ಹೆಗಲು ಮಾತ್ರ ಕುಲುಕುತ್ತಿತ್ತು.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೇ ಅಮ್ಮ ತಲೆ ಬಾಚಿಕೊಂಡು ಕೂತರು. ಮಾಸ್ಟರು ಮೇಜು ಸರಿಸುವುದು, ಕಿಟಕಿ ಪರದೆ ಎಳೆಯುವುದು, ಕುರ್ಚಿಯ ಎತ್ತರ ಅಳೆಯುವುದು, ಈ ಸಡಗರದಲ್ಲಿ ಷರ್ಟು ಯಾವಾಗ ತೊಟ್ಟರೆಂದು ಅವರಿಗೇ ನೆನಪಿಲ್ಲ. ಹತ್ತು ಗಂಟೆಗೆ ಸರಿಯಾಗಿ ಪರದೆ ಬೆಳಗಿತು. ದೊಡ್ಡಮ್ಮ ಬಂದರು. ಪೂರ್ತಿಯಾಗಿ ಬಂದರು. ಬಿಳೀ ಕೂದಲು, ದಪ್ಪ ಕನ್ನಡಕ, ಮೇಷ್ಟರ ಗತ್ತು, ಎಲ್ಲ ಬಂತು.

"ಅಕ್ಕಾ" ಎಂದರು ಅಮ್ಮ. ಆಮೇಲೆ ಎರಡು ತಿಂಗಳ ಮಾತು ಒಟ್ಟಿಗೆ ಬಾಯಿಗೆ ಬಂತು. ತುಟಿ ಅಷ್ಟು ಬೇಗ ಓಡಿದರೆ ಓದುವವರಾದರೂ ಯಾರು? ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡಿದರು, ಮುಂದಕ್ಕೆ ಬಾಗಿದರು, ಕೊನೆಗೆ ತಲೆ ಅಲ್ಲಾಡಿಸಿ ಕಿವಿ ಮುಟ್ಟಿ ತೋರಿಸಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಮ್ಮನ ಮಾತು ಅರ್ಧಕ್ಕೇ ನಿಂತಿತು.

ಅಂಗೈ ಅಳೆದೆ, ಮೊಳಕೈ ಅಳೆದೆ, ಕಣ್ಣಿನ ದೂರ ಅಳೆದೆ, ಅಕ್ಕತಂಗಿಯರ ನಡುವಿನ ಮಾತು ಮಾತ್ರ ಅಳೆಯಲಿಲ್ಲವಲ್ಲ ಎಂದು ಮಾಸ್ಟರಿಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ.

ಅಮ್ಮ ಪಕ್ಕಕ್ಕೆ ಕೈ ಚಾಚಿ ನಡುವಿನ ಅಳತೆಯ ಟೈಲು ತೆಗೆದುಕೊಂಡರು. ಸೀಮೆಸುಣ್ಣ ತೆಗೆದುಕೊಂಡರು. ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಬರೆದರು. ನಡುಗುವ ಕೈಯ ಅಕ್ಷರಗಳು ದೊಡ್ಡದಾಗಿ ಬಂದವು, ಸ್ವಲ್ಪ ಸೊಟ್ಟಗೂ ಬಂದವು. ಮೂರು ವಾರದ ಅಭ್ಯಾಸವಿತ್ತಲ್ಲ, ಎರಡೂ ಕೈಯಲ್ಲಿ ಎತ್ತಿ ಪರದೆಯ ಮುಂದೆ ಅಲುಗದಂತೆ ಹಿಡಿದರು.

"ತಿಂಡಿ ಆಯ್ತಾ?"

ದೊಡ್ಡಮ್ಮ ಓದಿದರು. ಓದಿ, ತಟ್ಟನೆ ಎದ್ದು ಪರದೆಯಿಂದ ಮಾಯವಾದರು. ಒಳಗೆಲ್ಲೋ ಪಾತ್ರೆ ಬಿದ್ದ ಸದ್ದು ಕೇಳಿತು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನೂ ದಪ್ಪನೆಯ ಪೆನ್ನನ್ನೂ ಹಿಡಿದುಕೊಂಡು ಬಂದು ಕೂತರು. ಹಾಳೆಯ ಹಿಂಬದಿಯಲ್ಲಿ ಗುಂಡಗೆ ಬರೆದು ಎತ್ತಿ ಹಿಡಿದರು.

"ಆಯ್ತು. ನಿನ್ನ ಕೈ ಹೇಗಿದೆ?"

ಅಮ್ಮ ಅಂಗೈಯಿಂದ ಟೈಲು ಒರೆಸಿದರು. ಬರೆದರು. ಅತ್ತ ಹಾಳೆ ಮಗುಚಿತು. ಅಮ್ಮ ನಕ್ಕರು. ಮತ್ತೆ ಒರೆಸಿದರು. ಹತ್ತೂವರೆಗೆ ಮುಗಿಯಬೇಕಿದ್ದ ಮಾತು ಹನ್ನೊಂದಾದರೂ ಮುಗಿಯಲಿಲ್ಲ. ಕೋಣೆಯಲ್ಲಿ ಸೀಮೆಸುಣ್ಣದ ಕಿರ್ ಕಿರ್ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಏನೂ ಕೇಳಿಸದೆ ಚಡಪಡಿಸಿ ಹೆಡ್ ಕ್ಲಾರ್ಕರು ಎರಡು ಸಲ ಮೆಟ್ಟಿಲು ಹತ್ತಿ ಇಳಿದರು. ಮಾಸ್ಟರು ಬಾಗಿಲ ಹತ್ತಿರ ನಿಂತು, ಟೈಲು ಕತ್ತರಿಸಿಕೊಟ್ಟವನಿಗೆ, ಅಂಗಡಿಯ ಹುಡುಗಿಗೆ, ತಕ್ಕಡಿಯವಳಿಗೆ, ಇನ್ಸ್‌ಪೆಕ್ಟರಿಗೆ, ಮುಲಾಮಿನವರಿಗೂ ಸೇರಿಸಿ ಮನಸ್ಸಿನಲ್ಲೇ ಕೈಮುಗಿದರು.

ಅಷ್ಟರಲ್ಲಿ ದೊಡ್ಡಮ್ಮ ಹೊಸ ಹಾಳೆ ಎತ್ತಿದರು. "ಅವನೆಲ್ಲಿ? ತೋರಿಸು."

ಅಮ್ಮ ಕೈ ಮಾಡಿ ಕರೆದರು. ಮಾಸ್ಟರು ಸಂಕೋಚದಿಂದ ಬಂದು ಪರದೆಯ ಮುಂದೆ ನೆಟ್ಟಗೆ ನಿಂತರು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಅವರನ್ನು ಮೇಲಿಂದ ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬರೆದರು.

"ಗುಂಡಿ ಒಂದು ಮನೆ ತಪ್ಪಿ ಹಾಕಿದ್ದಾನೆ. ಇವನು ಊರಿಗೆ ಟೇಲರು."

ಮಾಸ್ಟರು ಬಗ್ಗಿ ನೋಡಿಕೊಂಡರು. ನಿಜ. ಷರ್ಟಿನ ಒಂದು ಅಂಚು ಮೇಲೆ, ಇನ್ನೊಂದು ಕೆಳಗೆ ಜೋತಾಡುತ್ತಿತ್ತು. ಕಾಜಾ ಗುಂಡಿಯ ಮುಖ್ಯಸ್ಥೆ ಮೂಲೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವರು ಅವಸರದಿಂದ ಗುಂಡಿ ಬಿಚ್ಚಲು ಹೋದಾಗ ಅಮ್ಮ ಅವರ ಕೈ ಹಿಡಿದು ನಿಲ್ಲಿಸಿದರು. ಟೈಲು ಒರೆಸಿ, ಎಲ್ಲಕ್ಕಿಂತ ನಿಧಾನವಾಗಿ ಬರೆದು, ಅಕ್ಕನಿಗೆ ಹಿಡಿದರು. ಮಾಸ್ಟರಿಗೆ ಅದು ಹಿಂದಿನಿಂದ ಕಾಣಲಿಲ್ಲ, ಪಕ್ಕಕ್ಕೆ ಬಾಗಿ ಓದಿಕೊಂಡರು.

"ಇವತ್ತು ಬೈಬೇಡ ಅಕ್ಕ. ನಿನ್ನನ್ನ ನಂಗೆ ತಂದ್ಕೊಟ್ಟಿದ್ದು ಇವನೇ."

ಆ ಗುಂಡಿಯನ್ನು ಮಾಸ್ಟರು ಅವತ್ತು ಸಂಜೆಯವರೆಗೂ ಸರಿಮಾಡಲಿಲ್ಲ.